ವಿಶೇಷ ಶಿಕ್ಷಣಕ್ಕೆ ಬರುವವರು ಕಾಲುಚೀಲದಿಂದ ಶುರುಮಾಡಲಿ

ಮಾನ್ಯ ಸಂಪಾದಕರೇ,

ಸಾಮಾನ್ಯ ತರಗತಿಯಲ್ಲಿ ಪಾಠ ಮಾಡುತ್ತಿದ್ದ ಶಿಕ್ಷಕರೊಬ್ಬರು ವಿಶೇಷ ಶಿಕ್ಷಣದ ಕಡೆಗೆ ಹೊರಳಿದರೆ ಅವರ ಬಗ್ಗೆ ಬರುವ ಬರಹಕ್ಕೆ ಒಂದು ಸಿದ್ಧ ಅಚ್ಚು ಇದೆ. ತಲೆಬರಹದಲ್ಲಿ ‘ತ್ಯಾಗ’ ಇರುತ್ತದೆ, ಇಲ್ಲವೇ ‘ತಾಯಿ ಹೃದಯ’. ಮಕ್ಕಳು ‘ದೇವರ ಮಕ್ಕಳು’ ಆಗಿರುತ್ತಾರೆ. ಫೋಟೊದಲ್ಲಿ ಶಿಕ್ಷಕಿ ಮಗುವಿನ ಕೆನ್ನೆ ಸವರುತ್ತಿರುತ್ತಾರೆ. ಅವರು ದಿನವಿಡೀ ಏನು ಕೆಲಸ ಮಾಡುತ್ತಾರೆ ಎನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ. ಹೊಗಳಿಕೆ ಮುಜುಗರ ತರುತ್ತದೆ ಎಂದು ದೂರಲು ಈ ಪತ್ರ ಬರೆಯುತ್ತಿಲ್ಲ. ಇಂಥ ಬರಹ ಓದಿಕೊಂಡು ಈ ಕೆಲಸಕ್ಕೆ ಬರುವವರಲ್ಲಿ ಹಲವರು ಬೇಗ ದಣಿಯುತ್ತಾರೆ. ನಿಜಕ್ಕೂ ಬರಬೇಕಾದವರು ‘ನನಗೆ ಅಷ್ಟು ದೊಡ್ಡ ಮನಸ್ಸಿಲ್ಲಪ್ಪ’ ಎಂದು ದೂರವೇ ಉಳಿಯುತ್ತಾರೆ. ಹಾಗೆ ಬರಬೇಕಾದವರು ಯಾರು ಎಂದು ಸ್ವಲ್ಪ ವಿವರವಾಗಿ ಹೇಳಲು ಜಾಗ ಕೊಡಿ.

ಕೊನೆಯ ಬೆಂಚಿನ ಮಗುವೊಂದು ಕಾಗುಣಿತವನ್ನು ಗಿಳಿಯಂತೆ ಒಪ್ಪಿಸುತ್ತದೆ. ಬೋರ್ಡಿನ ಮೇಲಿದ್ದದ್ದನ್ನು ದುಂಡಗೆ ಇಳಿಸಿಕೊಳ್ಳುತ್ತದೆ. ಪುಸ್ತಕ ಕೊಟ್ಟು ಓದು ಎಂದರೆ ‘ಸೂರ್ಯ’ ಎನ್ನುವ ಕಡೆ ‘ಸೂಯರ’ ಎನ್ನುತ್ತದೆ. ‘ಗಮನ ಇಲ್ಲ’ ಎಂದು ಪ್ರಗತಿ ಪತ್ರದಲ್ಲಿ ಬರೆದು ಮುಂದೆ ಹೋಗುವ ಶಿಕ್ಷಕರಿದ್ದಾರೆ. ‘ಪಾಪ’ ಎಂದು ತಲೆ ಸವರಿ ಪಾಸು ಮಾಡುವವರಿದ್ದಾರೆ. ಇನ್ನು ಕೆಲವರು ಮನೆಗೆ ಹೋದ ಮೇಲೂ ಆ ‘ಸೂಯರ’ದಲ್ಲೇ ಸಿಕ್ಕಿಕೊಂಡಿರುತ್ತಾರೆ: ತಪ್ಪು ಈ ರೂಪದಲ್ಲೇ ಯಾಕೆ ಬಂತು? ಸ್ವಲ್ಪ ಯೋಚಿಸಿದರೆ ಹೊಳೆಯುತ್ತದೆ. ಅರ್ಕಾವೊತ್ತಿನಲ್ಲಿ ರಕಾರದ ಉಚ್ಚಾರ ಮೊದಲು, ಗುರುತು ಆಮೇಲೆ. ಎಡದಿಂದ ಬಲಕ್ಕೆ ಕಂಡದ್ದನ್ನು ಕಂಡಂತೆ ಓದಿದ ಮಗು ನಾವು ಹೇಳಿಕೊಟ್ಟ ನಿಯಮವನ್ನೇ ಪಾಲಿಸಿದೆ. ಈ ಮೂರನೆಯ ಬಗೆಯವರು ಎಷ್ಟೇ ಸಿಡುಕಿನವರಾಗಿರಲಿ, ವಿಶೇಷ ಶಿಕ್ಷಣಕ್ಕೆ ಬೇಕಾದವರು ಅವರೇ.

ಆ ಕುತೂಹಲ ಮುಂದೆ ಎಲ್ಲಿಗೆ ಕರೆದೊಯ್ಯುತ್ತದೆ ನೋಡಿ. ಅದೇ ಪಾಠವನ್ನು ನಾವು ಓದಿ ಹೇಳಿ ಪ್ರಶ್ನೆ ಕೇಳಿದರೆ ಮಗು ಸರಿಯಾಗಿ ಉತ್ತರಿಸುತ್ತದೆಯೇ? ಉತ್ತರಿಸಿದರೆ ಅರ್ಥಮಾಡಿಕೊಳ್ಳುವ ಶಕ್ತಿಗೆ ಕೊರತೆಯಿಲ್ಲ, ತೊಡಕಿರುವುದು ಅಕ್ಷರವನ್ನು ಧ್ವನಿಯಾಗಿ ಬಿಡಿಸುವಲ್ಲಿ. ‘ನಗರ’ ಪದದ ಮೊದಲ ಅಕ್ಷರ ತೆಗೆದರೆ ಉಳಿಯುವುದೇನು ಎಂದು ಬಾಯಲ್ಲೇ ಕೇಳಿ. ಅದಕ್ಕೂ ತಡವರಿಸಿದರೆ ಕಣ್ಣಿಗೂ ಲಿಪಿಗೂ ಮೊದಲೇ, ಪದವನ್ನು ಧ್ವನಿಗಳಾಗಿ ಒಡೆಯುವುದರಲ್ಲೇ ಕಷ್ಟವಿದೆ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲೇ ತೊಡಕು, ಇರುವ ಬಹಳ ಮಕ್ಕಳಲ್ಲಿ ಕಾಣುವುದು ಇದೇ. ದ, ಧ, ಥ ಮಾತ್ರ ಅದಲುಬದಲಾಗುತ್ತಿದ್ದರೆ ಒಂದು ಸೀಳು, ಒಂದು ಚುಕ್ಕೆಯ ವ್ಯತ್ಯಾಸ ಕಣ್ಣಿಗೆ ನಿಲ್ಲುತ್ತಿಲ್ಲ ಎಂದಾಗಬಹುದು. ಮೂರನ್ನೂ ಒಂದೇ ವಾರ ಕಲಿಸಬಾರದು. ಒಂದು ಗಟ್ಟಿಯಾದ ಮೇಲೆ ಅದನ್ನು ಹೋಲದ ಅಕ್ಷರ ಕಲಿಸಿ, ಅದರ ನಂತರ ಹೋಲುವ ಅಕ್ಷರಕ್ಕೆ ಬರಬೇಕು. ವರ್ಣಮಾಲೆಯ ಕ್ರಮ ಇದಕ್ಕೆ ಉಲ್ಟಾ. ತ ಥ ದ ಧ ಎಂದು ಹೋಲುವವನ್ನು ಪಕ್ಕಪಕ್ಕದಲ್ಲೇ ಕೂರಿಸುತ್ತದೆ.

ಇಷ್ಟೆಲ್ಲದಕ್ಕೂ ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಿರಬೇಕು. ‘ಕರೆದರೆ ತಿರುಗುತ್ತದೆ, ಕಿವಿ ಸರಿ ಇದೆ’ ಎನ್ನುವುದು ಶಾಲೆಗಳಲ್ಲಿ ಅತಿ ಹೆಚ್ಚು ಕೇಳುವ ತಪ್ಪು ತೀರ್ಮಾನ. ಕೀರಲು ಸದ್ದುಗಳಿಗೆ ಮಾತ್ರ ಕಿವಿ ಮಂದವಾಗಿರುವ ಮಗುವಿಗೆ ಹೆಸರಿನಲ್ಲಿರುವ ಅ, ಆ, ಊಗಳು ಚೆನ್ನಾಗಿಯೇ ಕೇಳುತ್ತವೆ. ತಪ್ಪಿಹೋಗುವುದು ಸ, ಶ, ಫಗಳಂಥ ಸಣ್ಣ ಸಪ್ಪಳ. ಅಂಥ ಮಗು ಕರೆದಾಗೆಲ್ಲ ತಿರುಗುತ್ತದೆ, ಉಕ್ತಲೇಖನದಲ್ಲಿ ಮುಗ್ಗರಿಸುತ್ತದೆ, ಬೈಸಿಕೊಳ್ಳುತ್ತದೆ.

ಕಣ್ಣು ಕಾಣದ, ಕಿವಿ ಕೇಳದ ಬಾಲಕಿ ಹೆಲೆನ್ ಕೆಲರ್ ಮತ್ತು ಆಕೆಯ ಶಿಕ್ಷಕಿ ಆ್ಯನ್ ಸುಲಿವನ್ ಅವರ ಕೈಪಂಪಿನ ಪ್ರಸಂಗವನ್ನು ಎಲ್ಲರೂ ಪವಾಡದಂತೆ ಹೇಳುತ್ತಾರೆ. ಕಸುಬುದಾರರ ಕಣ್ಣಿನಿಂದ ಅದನ್ನು ಇನ್ನೊಮ್ಮೆ ನೋಡಬೇಕು. ಸುಲಿವನ್ 1886ರಲ್ಲಿ ಓದು ಮುಗಿಸಿ, 1887ರ ಮಾರ್ಚ್ 3ರಂದು ಹೆಲೆನ್‌ಳ ಮನೆಗೆ ಬಂದಾಗ ಅವರಿಗೆ ಇಪ್ಪತ್ತು ವರ್ಷ. ಅದು ಅವರ ಮೊದಲ ನೌಕರಿ. ಒಂದು ತಿಂಗಳು ಅಂಗೈ ಮೇಲೆ ಬೆರಳಿನಿಂದ ಕಾಗುಣಿತ ಮೂಡಿಸಿದರು. ಹುಡುಗಿ ಆ ಬೆರಳಾಟವನ್ನು ಅನುಕರಿಸಲು ಕಲಿತಳು, ಆದರೆ ‘ಮಗ್’ ಮತ್ತು ‘ನೀರು’ ಎರಡನ್ನೂ ಒಂದಕ್ಕೊಂದು ಬೆರೆಸುತ್ತಿದ್ದಳು. ಬೆರೆಸದೆ ಇನ್ನೇನು? ಆ ಎರಡೂ ಯಾವಾಗಲೂ ಒಟ್ಟಿಗೇ ಬರುತ್ತಿದ್ದವು. ಏಪ್ರಿಲ್ 5ರಂದು ಪಂಪಿನ ಬಳಿ ಒಂದು ಕೈ ಮೇಲೆ ಹರಿಯುವ ನೀರು, ಇನ್ನೊಂದು ಕೈಯಲ್ಲಿ ಅಕ್ಷರಗಳು: ನೀರು ಮಗ್ಗಿನಿಂದ ಬೇರೆಯಾಯಿತು. ಆಮೇಲೆ ಸುಲಿವನ್ ಗಂಟೆ ಹೊಡೆದು ಪಾಠ ಮಾಡುವುದನ್ನು ಬಿಟ್ಟು, ಎಳೆಕೂಸಿನ ಕಿವಿಗೆ ಮನೆಮಂದಿ ಮಾತಾಡುವಂತೆ ಹೆಲೆನ್‌ಳ ಅಂಗೈಗೆ ಪೂರ್ತಿ ವಾಕ್ಯಗಳನ್ನೇ ಮಾತಾಡತೊಡಗಿದರು. ಪ್ರೀತಿ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಪ್ರೀತಿ ಮನೆಯವರಿಗೂ ಇತ್ತು. ಸುಲಿವನ್ ಜೊತೆಗೆ ತಂದದ್ದು ಕಲಿಸುವ ಕಸುಬು, ಹಾಗೂ ಒಂದು ದಾರಿ ಕೈಕೊಟ್ಟಾಗ ಅದನ್ನು ಬದಲಿಸುವ ಧೈರ್ಯ.

ಈಗ ಕಾಲುಚೀಲದ ವಿಷಯ. ಬೌದ್ಧಿಕ ಅಸಾಮರ್ಥ್ಯ ಇರುವ ಮಗುವಿಗೆ ಕಾಲುಚೀಲ ಹಾಕಿಕೊಳ್ಳಲು ಕಲಿಸಬೇಕು ಎಂದುಕೊಳ್ಳಿ. ಮೊದಲು ನೀವೇ ನಿಧಾನವಾಗಿ ಹಾಕಿಕೊಂಡು ಹೆಜ್ಜೆ ಎಣಿಸಿ. ಕೈಗೆತ್ತಿಕೊಳ್ಳುವುದು, ಬಾಯಿ ಹುಡುಕುವುದು, ಎರಡೂ ಹೆಬ್ಬೆರಳು ಒಳಗೆ ತೂರಿಸುವುದು, ತುದಿಯವರೆಗೆ ನೆರಿಗೆ ಹಿಡಿದು ಕೂಡಿಸುವುದು, ಕಾಲ್ಬೆರಳು ಒಳಗೆ ಹಾಕುವುದು, ಹಿಮ್ಮಡಿಯವರೆಗೆ ಎಳೆಯುವುದು, ಹಿಮ್ಮಡಿ ದಾಟಿಸುವುದು, ಮೇಲಕ್ಕೆಳೆಯುವುದು: ಒಟ್ಟು 8. ಕಲಿಸುವುದನ್ನು ಎಂಟನೆಯದರಿಂದ ಶುರುಮಾಡಬೇಕು. ಏಳು ಹೆಜ್ಜೆ ದೊಡ್ಡವರು ಮಾಡಿ, ಹಿಮ್ಮಡಿ ದಾಟಿಸಿದ ಮೇಲೆ ‘ಎಳಿ’ ಎಂದರೆ ಸಾಕು. ಕೆಲಸ ಮುಗಿಸಿದ್ದು ಮಗುವೇ ಆಗುತ್ತದೆ. ಅದು ಸಲೀಸಾದ ಮೇಲೆ ಏಳು ಮತ್ತು ಎಂಟು. ಹೀಗೆ ಹಿಂದಿನಿಂದ ಮುಂದಕ್ಕೆ. ಮೊದಲ ಹೆಜ್ಜೆಯಿಂದಲೇ ಶುರುಮಾಡಿದರೆ ಮಗು ತನಗೆ ಕಷ್ಟವಾದ ಭಾಗ ಮಾಡಿ, ಮುಗಿಸುವ ಖುಷಿಯನ್ನು ಪ್ರತಿದಿನ ನಮಗೆ ಬಿಟ್ಟುಕೊಡಬೇಕಾಗುತ್ತದೆ. ಮೂರನೇ ದಿನ ಕಾಲುಚೀಲ ಕಂಡರೇ ಓಡುತ್ತದೆ.

ಇಷ್ಟು ಮಾಡಿಯೂ ಕೈಗೂಡದಿದ್ದರೆ? ಮಗುವನ್ನು ದೂರುವ ಮೊದಲು ಚೀಲವನ್ನು ನೋಡಿ. ಹೊಸ ಎಲಾಸ್ಟಿಕ್ ಬಿಗಿಯಾಗಿರುತ್ತದೆ. ದೊಡ್ಡವರ ಹಳೆಯ, ಸಡಿಲವಾದ ಚೀಲದಿಂದ ಆರಂಭಿಸಬೇಕು. ಹಿಮ್ಮಡಿಗೆ ಬೇರೆ ಬಣ್ಣ ಇದ್ದರೆ ಮೇಲೆ ಕೆಳಗೆ ತಿಳಿಯುತ್ತದೆ. ಆಮೇಲೆ ಕೂತ ಜಾಗ ನೋಡಿ. ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂತ ಮಗು ಬೀಳದಿರುವುದಕ್ಕೇ ಎರಡೂ ಕೈ ಬಳಸುತ್ತಿರುತ್ತದೆ. ನೆಲದ ಮೇಲೆ ಗೋಡೆಗೆ ಒರಗಿ ಕೂತರೆ ಕೈ ಬಿಡುವಾಗುತ್ತದೆ. ಸೆರೆಬ್ರಲ್ ಪಾಲ್ಸಿಯಿಂದ (ಮೆದುಳಿಗೆ ಆದ ಹಾನಿಯಿಂದ ಕೈಕಾಲಿನ ಚಲನೆಗೆ ಬರುವ ತೊಂದರೆ) ಒಂದು ಬದಿ ಬಿಗಿಯಾಗಿದ್ದರೆ ಹಾಕುವಾಗ ಆ ಬದಿ ಮೊದಲು, ತೆಗೆಯುವಾಗ ಆ ಬದಿ ಕೊನೆಗೆ. ಅಂಗಿಯ ತೋಳಿಗೂ ಇದೇ ಲೆಕ್ಕ. ಒಂದು ಚೌಕಳಿ ಹಾಳೆಯಲ್ಲಿ ಎಡಕ್ಕೆ ಎಂಟು ಹೆಜ್ಜೆ, ಮೇಲೆ ದಿನಾಂಕ ಬರೆದು, ಸ್ವತಃ ಮಾಡಿದ್ದಕ್ಕೆ ಒಂದು ಗುರುತು, ಸನ್ನೆ ಬೇಕಾದದ್ದಕ್ಕೆ ಇನ್ನೊಂದು, ಕೈ ಹಿಡಿದು ಮಾಡಿಸಿದ್ದಕ್ಕೆ ಮತ್ತೊಂದು ಹಾಕುತ್ತ ಹೋಗಬೇಕು. ನೆನಪು ನಂಬಬಾರದು. ಮನಸ್ಸು ಚೆನ್ನಾಗಿದ್ದ ದಿನ ‘ತುಂಬ ಸುಧಾರಿಸಿದೆ’ ಅನ್ನಿಸುತ್ತದೆ, ಬೇಸರದ ದಿನ ‘ಏನೂ ಆಗಿಲ್ಲ’ ಅನ್ನಿಸುತ್ತದೆ. ಹಾಳೆಗೆ ಇವೆರಡೂ ಗೊತ್ತಿಲ್ಲ.

ಇನ್ನೊಂದು ತೊಡಕು ಹೊಸಬರಿಗೆ ತಿಂಗಳುಗಟ್ಟಲೆ ಕಾಣುವುದೇ ಇಲ್ಲ. ಮಗು ಪ್ರತಿ ಹೆಜ್ಜೆಗೂ ಶಿಕ್ಷಕರ ಮುಖ ನೋಡಿ ಮುಂದುವರಿಯುತ್ತದೆ. ‘ಹ್ಞಾಂ, ಈಗ ಎಳಿ, ಜಾಣ’ ಎನ್ನುವ ನಮ್ಮ ಮಾತೇ ಕೆಲಸದ ಒಂದು ಭಾಗವಾಗಿಬಿಟ್ಟಿರುತ್ತದೆ. ಶಾಲೆಯಲ್ಲಿ ಬರುವ ಕೆಲಸ ಮನೆಯಲ್ಲಿ ಬಾರದಿರಲು ಇದೂ ಒಂದು ಮುಖ್ಯ ಕಾರಣ. ಸಹಾಯ ಕೊಡುವಾಗಲೇ ಅದನ್ನು ಹೇಗೆ ಹಿಂತೆಗೆಯುವುದು ಎಂದು ಗೊತ್ತುಮಾಡಿಕೊಂಡಿರಬೇಕು. ಕೈ ಹಿಡಿಯುವುದನ್ನು ಮಣಿಕಟ್ಟಿಗೆ, ಮೊಣಕೈಗೆ, ಭುಜಕ್ಕೆ ಜಾರಿಸುತ್ತ ಬಿಡಬಹುದು. ಬಾಯಿಮಾತನ್ನು ಬಿಡುವುದೇ ಕಷ್ಟ. ಅದಕ್ಕೇ ಹಳಬರು ಮಗುವಿನ ಹಿಂದೆ ನಿಂತು, ಬಾಯಿ ಮುಚ್ಚಿಕೊಂಡು ಕಲಿಸುತ್ತಾರೆ. ಇಪ್ಪತ್ತು ವರ್ಷ ಮಾತಿನಿಂದಲೇ ಪಾಠ ಮಾಡಿದವರಿಗೆ ಇದು ಉಪವಾಸ ಇದ್ದಂತೆ. ಕಲಿತದ್ದಾಯಿತು ಎಂದು ಬರೆಯುವ ಮೊದಲು ಇನ್ನೊಬ್ಬ ವ್ಯಕ್ತಿಯ ಎದುರು, ಇನ್ನೊಂದು ಜಾಗದಲ್ಲಿ, ಇನ್ನೊಂದು ಜೊತೆ ಚೀಲದಿಂದ ನೋಡಬೇಕು.

ಕಾಯುವುದನ್ನೂ ಕಲಿಯಬೇಕು. ಸಾಮಾನ್ಯ ತರಗತಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ ಕಂಡುಕೊಂಡದ್ದು, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡು ಎಂದು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಮಾತು ಕಟ್ಟಲು ದೇಹವೇ ತಡೆಯೊಡ್ಡುವ ಮಗುವಿಗೆ ಹತ್ತು ಸೆಕೆಂಡೂ ಸಾಲದೆ ಹೋಗಬಹುದು. ಐದನೇ ಸೆಕೆಂಡಿಗೆ ಪ್ರಶ್ನೆಯನ್ನು ಮತ್ತೆ ಕೇಳಿದರೆ ಅದು ಪೋಣಿಸುತ್ತಿದ್ದ ಉತ್ತರ ಚದುರಿ, ಮೊದಲಿಂದ ಶುರುಮಾಡಬೇಕಾಗುತ್ತದೆ. ಒಳ್ಳೆಯ ಮನಸ್ಸಿನವರೇ ಇಲ್ಲಿ ಹೆಚ್ಚು ಎಡವುತ್ತಾರೆ. ಆ ಮೌನವನ್ನು ಸಹಿಸಲಾಗದೆ ಮಗುವಿನ ಪರವಾಗಿ ತಾವೇ ಉತ್ತರಿಸಿಬಿಡುತ್ತಾರೆ.

ಕರುಣೆಯನ್ನು ಮಾತ್ರ ನಂಬಿ ಬಂದವರಿಗೆ ಅತಿ ದೊಡ್ಡ ಪೆಟ್ಟು ಬೀಳುವುದು ವರ್ತನೆಯ ವಿಷಯದಲ್ಲಿ. ಪ್ರೀತಿ ಕೊಟ್ಟ ಕೈಯನ್ನೇ ಮಗು ಕಚ್ಚುತ್ತದೆ. ‘ಇಷ್ಟು ಮಾಡಿಯೂ...’ ಎಂಬ ನೋವು ಸಹಜ, ಆದರೆ ಅದರಿಂದ ಮಗುವಿಗೂ ಶಿಕ್ಷಕರಿಗೂ ಪ್ರಯೋಜನವಿಲ್ಲ. ಮೊದಲು ಕೇಳಬೇಕಾದ್ದು ಮೈಗೆ ಸಂಬಂಧಿಸಿದ ಪ್ರಶ್ನೆ: ಹಲ್ಲುನೋವೇ, ಕಿವಿನೋವೇ, ಮಲಬದ್ಧತೆಯೇ, ನಿದ್ದೆ ಕೆಟ್ಟಿದೆಯೇ? ಮಾತು ಬಾರದ ಮಗುವಿಗೆ ನೋವನ್ನು ಹೇಳಲು ಬೇರೆ ದಾರಿ ಇಲ್ಲದಿರಬಹುದು. ಅದು ಯಾವುದೂ ಅಲ್ಲ ಎಂದಾದ ಮೇಲೆ ಮೂರು ಕಲಮಿನ ಟಿಪ್ಪಣಿ: ಅದಕ್ಕೆ ತುಸು ಮುಂಚೆ ಏನಾಯಿತು, ಮಗು ಏನು ಮಾಡಿತು, ಅದರ ಬೆನ್ನಿಗೇ ಮಗುವಿಗೆ ಏನು ಸಿಕ್ಕಿತು. ಒಂದೆರಡು ವಾರದಲ್ಲಿ ಚಿತ್ರ ಮೂಡುತ್ತದೆ. ಲೆಕ್ಕದ ಪುಸ್ತಕ ತೆರೆದಾಗಲೆಲ್ಲ ಹಾಳೆ ಹರಿಯುತ್ತದೆ, ಹರಿದಾಗಲೆಲ್ಲ ‘ಹೊರಗೆ ನಿಲ್ಲು’ ಎನ್ನುತ್ತಾರೆ, ಹೊರಗೆ ನಿಂತರೆ ಲೆಕ್ಕ ಇಲ್ಲ. ಯಾರು ಯಾರಿಗೆ ಪಾಠ ಕಲಿಸಿದರು ನೀವೇ ಹೇಳಿ! ಇಲ್ಲಿ ಮಾಡಬೇಕಾದ್ದು ಎರಡು. ಲೆಕ್ಕವನ್ನು ಹತ್ತರಿಂದ ಎರಡಕ್ಕೆ ಇಳಿಸಬೇಕು. ‘ಸಾಕು, ಬಿಡುವು ಬೇಕು’ ಎಂದು ಹೇಳುವ ಒಂದು ಕಾರ್ಡನ್ನೋ ಸನ್ನೆಯನ್ನೋ ಕಲಿಸಿ, ತೋರಿಸಿದ ತಕ್ಷಣ ಬಿಡುವು ಕೊಡಬೇಕು. ಶುರುವಿನಲ್ಲಿ ಮಗು ಆ ಕಾರ್ಡನ್ನು ಇಡೀ ದಿನ ತೋರಿಸುತ್ತದೆ. ತೋರಿಸಲಿ. ಕಾರ್ಡು ಕೆಲಸ ಮಾಡುತ್ತದೆ ಎಂಬ ನಂಬಿಕೆ ಹುಟ್ಟಿದ ಮೇಲೆಯೇ ‘ಇನ್ನೊಂದು ಲೆಕ್ಕ, ಆಮೇಲೆ ಬಿಡುವು’ ಎನ್ನಲು ಬರುತ್ತದೆ. ಹಳೆಯ ದಾರಿ ಮುಚ್ಚಿದಾಗ ಹಠ ಕೆಲವು ದಿನ ಇಳಿಯುವ ಬದಲು ಏರುತ್ತದೆ ಎನ್ನುವುದು ಮೊದಲೇ ಗೊತ್ತಿರಬೇಕು. ಏರಿದಾಗ ಸೋತು ಕೊಟ್ಟುಬಿಟ್ಟರೆ, ಇನ್ನೂ ಜೋರಾಗಿ ಕಿರುಚಿದರೆ ಸಿಗುತ್ತದೆ ಎಂದು ಕಲಿಸಿದಂತಾಗುತ್ತದೆ.

ಒಳ್ಳೆಯ ಉದ್ದೇಶವೊಂದೇ ಸಾಕಾಗುವುದಾದರೆ 1880ರಲ್ಲಿ ಇಟಲಿಯ ಮಿಲಾನ್ ಸಮ್ಮೇಳನ ನಡೆಯುತ್ತಲೇ ಇರಲಿಲ್ಲ. ಕಿವುಡ ಮಕ್ಕಳ ಶಿಕ್ಷಣಕ್ಕಾಗಿ ಸೇರಿದ ಆ ಸಭೆಯಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರು. ಮಕ್ಕಳ ಒಳಿತಿಗಾಗಿಯೇ ಎಂದು ಸಂಜ್ಞಾ ಭಾಷೆಯನ್ನು ಕೈಬಿಟ್ಟು ಬಾಯಿಮಾತಿನಲ್ಲೇ ಕಲಿಸಬೇಕೆಂದು ತೀರ್ಮಾನಿಸಿದರು. ಹಲವು ದೇಶಗಳ ಶಾಲೆಗಳಿಂದ ಸಂಜ್ಞೆ ಮಾಯವಾಯಿತು. ತುಟಿ ನೋಡಿ ಊಹಿಸುವುದರಲ್ಲೇ ಎಷ್ಟೋ ಮಕ್ಕಳ ಬಾಲ್ಯ ಕಳೆದುಹೋಯಿತು. ಕಿವುಡರ ಶಿಕ್ಷಣದ ಅದೇ ಅಂತರರಾಷ್ಟ್ರೀಯ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ಮಗುವಿಗೆ ಏನು ಬೇಕು ಎಂದು ಮಗುವನ್ನೂ, ಅಂಥದ್ದೇ ಬದುಕು ಬಾಳಿದ ಹಿರಿಯರನ್ನೂ ಕೇಳದೆ ನಿರ್ಧರಿಸುವ ಚಾಳಿ ನಮ್ಮ ಕಸುಬಿನಲ್ಲಿ ಇನ್ನೂ ಪೂರ್ತಿ ಹೋಗಿಲ್ಲ.

ಇನ್ನು ಬೇರೆ ಕಾರಣಗಳಿಗೆ ಬರುವವರು. ‘ತರಗತಿಯಲ್ಲಿ ಎಂಟೇ ಮಕ್ಕಳಂತೆ, ಪೇಪರ್ ತಿದ್ದುವುದಿಲ್ಲವಂತೆ’ ಎಂದು ಬರುವವರು ಮೊದಲ ತಿಂಗಳಲ್ಲೇ ಲೆಕ್ಕ ತಪ್ಪಿದ್ದನ್ನು ಕಾಣುತ್ತಾರೆ. ಎಂಟು ಮಕ್ಕಳೆಂದರೆ ಎಂಟು ಪಠ್ಯಕ್ರಮ. ಮನೆಯಲ್ಲೇ ಅಂಥ ಮಗುವೋ ತಮ್ಮನೋ ಇದ್ದು ಬರುವವರ ಪ್ರೇರಣೆ ಗಟ್ಟಿ, ಅವರು ಬೇಗ ಬಿಟ್ಟುಹೋಗುವುದಿಲ್ಲ. ಅವರಿಗಿರುವ ಅಪಾಯ ಬೇರೆ: ತಮ್ಮ ಮನೆಯ ಮಗುವಿಗೆ ಒಗ್ಗಿದ್ದೇ ಎಲ್ಲರಿಗೂ ದಾರಿ ಎಂದುಕೊಳ್ಳುವುದು. ಆಟಿಸಂ ಎಂಬ ಒಂದೇ ಹೆಸರು ಹೊತ್ತ ಇಬ್ಬರಲ್ಲಿ ಒಬ್ಬ ಸದ್ದಿಗೆ ಕಿವಿ ಮುಚ್ಚುತ್ತಾನೆ, ಇನ್ನೊಬ್ಬ ಸದ್ದು ಹುಡುಕಿಕೊಂಡು ಹೋಗುತ್ತಾನೆ.

ಬರವಣಿಗೆಯ ಕೆಲಸವನ್ನೂ ಮುಚ್ಚಿಡಬಾರದು. ಪ್ರತಿ ಮಗುವಿಗೂ ಒಂದು ವೈಯಕ್ತಿಕ ಶಿಕ್ಷಣ ಯೋಜನೆ, ನಮ್ಮ ಬಾಯಲ್ಲಿ ಐಇಪಿ. ಅದರ ಜೀವ ಇರುವುದು ಗುರಿಯ ವಾಕ್ಯದಲ್ಲಿ. ‘ಓದುವ ಸಾಮರ್ಥ್ಯ ಸುಧಾರಿಸುವುದು’ ಎಂದು ಬರೆದರೆ ವರ್ಷದ ಕೊನೆಗೆ ಯಾರು ಏನು ಬೇಕಾದರೂ ಹೇಳಬಹುದು. ‘ಒತ್ತಕ್ಷರವಿಲ್ಲದ, ಮೂರಕ್ಷರದ, ಮೊದಲು ನೋಡಿರದ 10 ಪದಗಳಲ್ಲಿ 8ನ್ನು ಸಹಾಯವಿಲ್ಲದೆ, ಸತತ 3 ದಿನ ಓದುವುದು’ ಎಂದು ಬರೆದರೆ ಆಯಿತೋ ಇಲ್ಲವೋ ಯಾರಾದರೂ ನೋಡಿ ಹೇಳಬಹುದು. ‘ಮೊದಲು ನೋಡಿರದ’ ಎಂಬ ಮಾತು ಬಿಟ್ಟರೆ ಮಗು ಹತ್ತು ಪದಗಳನ್ನು ಚಿತ್ರದಂತೆ ಬಾಯಿಪಾಠ ಮಾಡಿಬಿಡುತ್ತದೆ. ಇದಲ್ಲದೆ ದಿನದ ದೊಡ್ಡ ಪಾಲು ಹೋಗುವುದು ದೊಡ್ಡವರ ಜೊತೆ: ತಂದೆತಾಯಿ, ಸ್ಪೀಚ್ ಥೆರಪಿಸ್ಟ್, ಫಿಸಿಯೋಥೆರಪಿಸ್ಟ್, ‘ಇವನನ್ನು ನನ್ನ ಕ್ಲಾಸಿಗೆ ಹಾಕಬೇಡಿ’ ಎನ್ನುವ ಸಹೋದ್ಯೋಗಿ. ವಿಶೇಷ ಶಿಕ್ಷಕರು ಕೆಲಸ ಬಿಡುವುದು ಮಕ್ಕಳ ಕಾಟಕ್ಕೆ ಎಂದು ಹೊರಗಿನವರು ಭಾವಿಸುತ್ತಾರೆ. ಕಾಗದಪತ್ರದ ಹೊರೆ, ಮುಖ್ಯಸ್ಥರ ಬೆಂಬಲವಿಲ್ಲದಿರುವುದು, ತನ್ನ ಕೆಲಸ ಎಲ್ಲಿಂದ ಎಲ್ಲಿಯವರೆಗೆ ಎಂದು ಯಾರೂ ಹೇಳದಿರುವುದು: ಹೆಚ್ಚು ಜನ ಬಿಡುವುದು ಇವುಗಳಿಗೆ. ಶಾಲೆಯಲ್ಲಿ ಎಲ್ಲಿ ಕೈ ಕಡಿಮೆ ಬಿದ್ದರೂ ‘ನಿಮ್ಮದು ಎಂಟೇ ಮಕ್ಕಳಲ್ಲವೇ’ ಎಂದು ಇವರನ್ನೇ ಕರೆಯುತ್ತಾರೆ.

ಹಾಗಾಗಿ ಈ ದಾರಿ ಯೋಚಿಸುತ್ತಿರುವ ಶಿಕ್ಷಕರಿಗೆ ಒಂದು ಸಲಹೆ. ತರಬೇತಿಗೆ ಅರ್ಜಿ ಹಾಕುವ ಮೊದಲು, ಈಗಿರುವ ತರಗತಿಯಲ್ಲೇ ನಾಲ್ಕು ವಾರದ ಒಂದು ಪ್ರಯೋಗ ಮಾಡಿ. ಒಂದೇ ಮಗು, ಒಂದೇ ಕೌಶಲ. ಮೊದಲ ವಾರ ಏನೂ ಕಲಿಸಬೇಡಿ. ಏನು ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮೂರು ಬೇರೆ ಬೇರೆ ದಿನ ನೋಡಿ ಬರೆದಿಡಿ. ಎರಡನೇ ವಾರ ಕೆಲಸವನ್ನು ಹೆಜ್ಜೆಗಳಾಗಿ ಒಡೆದು, ದಿನಕ್ಕೆ ಹತ್ತು ನಿಮಿಷ, ಸಾಧ್ಯವಾದರೆ ಒಂದೇ ಹೊತ್ತಿಗೆ ಕಲಿಸಿ. ದಿನಕ್ಕೆ ಎರಡು ಸಾಲು ಟಿಪ್ಪಣಿ ಸಾಕು, ಆದರೆ ಅಂದೇ ಬರೆಯಬೇಕು. ಮೂರನೇ ವಾರದ ಹೊತ್ತಿಗೆ ಗುರುತುಗಳು ಮೇಲೇರದಿದ್ದರೆ ಒಂದೇ ಒಂದು ಸಂಗತಿ ಬದಲಿಸಿ: ಹೆಜ್ಜೆ ಇನ್ನೂ ಚಿಕ್ಕದು ಮಾಡುವುದೋ, ಸಾಮಗ್ರಿ ಬದಲಿಸುವುದೋ, ಸಹಾಯದ ಬಗೆ ಬದಲಿಸುವುದೋ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತು ಎಂದು ತಿಳಿಯುವುದಿಲ್ಲ. ನಾಲ್ಕನೇ ವಾರ ಮುಗಿದ ಮೇಲೆ ಮಗುವಿನ ಪ್ರಗತಿಯಷ್ಟೇ ನಿಮ್ಮನ್ನೂ ನೋಡಿಕೊಳ್ಳಿ. ಹಾಳೆ ಏರದಿದ್ದ ವಾರ ನಿಮಗೆ ಮಗುವಿನ ಮೇಲೆ ಬೇಸರ ಬಂತೋ, ಹಾಳೆಯ ಮುಂದೆ ಕೂತು ‘ಎಲ್ಲಿ ತಪ್ಪಿತು’ ಎಂದು ಯೋಚಿಸಬೇಕೆನ್ನಿಸಿತೋ? ಎರಡನೆಯದಾದರೆ ಅರ್ಜಿ ಹಾಕಿ. ಮಗು ನಿಮ್ಮನ್ನು ಕಂಡು ನಕ್ಕಿತೋ ಇಲ್ಲವೋ ಎನ್ನುವುದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ನಗದ ಮಕ್ಕಳೂ ಇದ್ದಾರೆ, ಅವರಿಗೂ ಶಿಕ್ಷಕರು ಬೇಕು.

ಕೊನೆಯದಾಗಿ ನಿಮ್ಮ ವರದಿಗಾರರಿಗೆ ಒಂದು ಕೋರಿಕೆ. ಮುಂದಿನ ಬಾರಿ ವಿಶೇಷ ಶಿಕ್ಷಕರನ್ನು ಮಾತಾಡಿಸಲು ಹೋದಾಗ ‘ಈ ಸೇವೆಗೆ ಸ್ಫೂರ್ತಿ ಏನು’ ಎಂದು ಕೇಳುವ ಮೊದಲು, ‘ಈ ವಾರ ಯಾವ ಮಗುವಿಗೆ ಯಾವ ಹೆಜ್ಜೆ ಬದಲಿಸಿದಿರಿ, ಯಾಕೆ’ ಎಂದು ಕೇಳಲಿ. ಹೆಚ್ಚು ಹಾಳೆ ಇರುವ ನೋಟ್‌ಬುಕ್ ತೆಗೆದುಕೊಂಡು ಹೋಗಲಿ.

ಇಂತಿ,
ಕೆಲವು ವಿಶೇಷ ಶಿಕ್ಷಕರು